ಕಾಮಿಕ್ ಕಾನ್‌ಗೆ ಹೋಗಿ ಆರ್ಟಿಸ್ಟ್ ಹತ್ರ ಸೈನ್ ಹಾಕಿಸ್ಕೊಳ್ಳೋದು: ದುಡ್ಡೆಷ್ಟು, ತಯಾರಿ ಏನು, ಎಲ್ಲೆಲ್ಲಿ ಎಡವ್ತೀರ

ಕಾಮಿಕ್ ಕಾನ್ ಅಂದ್ರೆ ಕಾಮಿಕ್ಸ್ ಬರೆಯೋರು, ಚಿತ್ರ ಬಿಡಿಸೋರು, ಅಭಿಮಾನಿಗಳು ಎಲ್ಲಾ ಸೇರೋ ಜಾತ್ರೆ. ಅದರ ಬಗ್ಗೆ ವರ್ಷಕ್ಕೆ ಎರಡು ಸಲ ನಂಗೆ ಒಂದೇ ಥರ ಮೆಸೇಜ್ ಬರತ್ತೆ. ಜೂನ್-ಜುಲೈನಲ್ಲಿ ಅಮೆರಿಕದಲ್ಲಿರೋ ನಮ್ಮ ಹುಡುಗ್ರಿಂದ, ಆಮೇಲೆ ಬೆಂಗಳೂರು ಕಾಮಿಕ್ ಕಾನ್ ಟಿಕೆಟ್ ಬಿಟ್ಟಾಗ ಇಲ್ಲಿನೋರಿಂದ. ಸೈನ್ ಹಾಕೋಕೂ ದುಡ್ಡು ಕೇಳ್ತಾರಂತಲ್ಲ ನಿಜಾನಾ, ಎಷ್ಟು, ಪುಸ್ತಕ ನಾವೇ ತಗೊಂಡೋಗ್ಬೇಕಾ, ಪೆನ್ನು ಅವರೇ ಕೊಡ್ತಾರಾ? ಒಬ್ಬೊಬ್ರಿಗೂ ವಾಯ್ಸ್ ನೋಟ್ ಕಳಿಸಿ ಕಳಿಸಿ ಗಂಟಲು ಒಣಗಿದೆ, ಅದಕ್ಕೆ ಎಲ್ಲಾ ಇಲ್ಲೇ ಬರೆದುಬಿಡ್ತೀನಿ. ಹೆಚ್ಚಿನದು ಅಮೆರಿಕದ ಕಾನ್‌ಗಳ ಬಗ್ಗೆನೇ ಇರತ್ತೆ, ಯಾಕಂದ್ರೆ ಸೈನ್‌ಗೆ ರೇಟು ಕಟ್ಟೋ ಪದ್ಧತಿ ಬೆಳೆದಿರೋದು ಅಲ್ಲಿ. ಬೆಂಗಳೂರಲ್ಲಿ ಎಲ್ಲಿ ಬೇರೆ ಅನ್ನೋದು ಮಧ್ಯೆ ಮಧ್ಯೆ ಬರತ್ತೆ.

ಮೊದಲು ಆ ದುಡ್ಡಿನ ಸಿಟ್ಟು ಮುಗಿಸ್ಕೊಳ್ಳೋಣ

"ನಾನು ಪುಸ್ತಕ ದುಡ್ಡು ಕೊಟ್ಟೇ ತಗೊಂಡಿದೀನಿ, ಅದರ ಮೇಲೆ ಹೆಸರು ಗೀಚೋಕೆ ಮತ್ತೆ 20 ಡಾಲರ್ ಯಾಕೆ?" ಇದು ನ್ಯಾಯವಾದ ಪ್ರಶ್ನೆನೇ. ಆದ್ರೆ ನೀವು ಕೊಟ್ಟ ಪುಸ್ತಕದ ದುಡ್ಡಲ್ಲಿ ಆರ್ಟಿಸ್ಟ್‌ಗೆ ಎಷ್ಟು ಹೋಯ್ತು ಅಂತ ಯೋಚ್ನೆ ಮಾಡಿ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಬಹುತೇಕ ಕೆಲಸ 'ವರ್ಕ್ ಫಾರ್ ಹೈರ್', ಅಂದ್ರೆ ಪುಟಕ್ಕೆ ಇಷ್ಟು ಅಂತ ಕೂಲಿ, ಪಾತ್ರದ ಮೇಲಿನ ಹಕ್ಕೆಲ್ಲಾ ಕಂಪನಿದು. ಸೂಪರ್‌ಮ್ಯಾನ್ ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರಿಗೂ ಸೇರಿ ಆ ಪಾತ್ರದ ಪೂರ್ತಿ ಹಕ್ಕಿಗೆ 1938ರಲ್ಲಿ ಸಿಕ್ಕಿದ್ದು 130 ಡಾಲರ್. ಆ ಚೆಕ್ಕಿನ ಹಿಂದೆ ಇಬ್ಬರ ಸೈನೂ ಇತ್ತು, 2012ರಲ್ಲಿ ಬರೀ ಆ ಚೆಕ್ಕು 1,60,000 ಡಾಲರ್‌ಗೆ ಹರಾಜಾಯ್ತು. ಪಾತ್ರಕ್ಕಿಂತ ಸೈನ್‌ಗೇ ಜಾಸ್ತಿ ಬೆಲೆ ಬಂತು ನೋಡಿ, ಅದೂ ಅವರಿಬ್ಬರೂ ಹೋದ್ಮೇಲೆ. 1975ರಲ್ಲಿ ನೀಲ್ ಆಡಮ್ಸ್ ಥರದ ಆರ್ಟಿಸ್ಟ್‌ಗಳು ಪತ್ರಿಕೆ, ಟಿವಿಲಿ ಗಲಾಟೆ ಎಬ್ಬಿಸಿದ್ಮೇಲೆನೇ ಅವರಿಬ್ಬರಿಗೂ ಪಿಂಚಣಿ ಅಂತ ಒಂದು ಆಗಿದ್ದು. ಅದೇ ನೀಲ್ ಆಡಮ್ಸ್ ಆಮೇಲೆ ಕಾನ್‌ಗಳಲ್ಲಿ ಟೇಬಲ್ ಹಾಕ್ಕೊಂಡು ದುಡ್ಡು ತಗೊಂಡೇ ಸೈನ್ ಹಾಕ್ತಿದ್ರು, ಬೈಯೋರು ಬೈಕೊಂಡ್ರು.

ಇನ್ನೊಂದು ಕಾರಣ, ಫ್ಲಿಪ್ಪರ್‌ಗಳು. ಅಂದ್ರೆ ಬಿಟ್ಟಿ ಸೈನ್ ಹಾಕಿಸ್ಕೊಂಡು ರಾತ್ರಿನೇ ಇಬೇ ಅನ್ನೋ ಆನ್‌ಲೈನ್ ಸಂತೆಲಿ ಮಾರೋರು. ಒಬ್ಬ ಮೂವತ್ತು ಪುಸ್ತಕದ ಡಬ್ಬ ಹೊತ್ಕೊಂಡು ಕ್ಯೂನಲ್ಲಿ ನಿಂತ್ರೆ ಹಿಂದೆ ನಿಂತಿರೋ ಮಗುಗೆ ಟೈಮ್ ಸಿಗಲ್ಲ, ಅದಕ್ಕೇ ಎಷ್ಟೋ ಜನ ರೇಟು ಇಡೋದು. ನಮ್ಮಲ್ಲಿ ಜನವರಿ ಚಿತ್ರಸಂತೆಗೆ ಹೋಗಿ ಕುಮಾರಕೃಪಾ ರಸ್ತೆ ಬದಿ ಕೂತು ಮುಖ ಬರೆಸ್ಕೊಂಡ್ರೆ ದುಡ್ಡು ಕೊಟ್ಟೇ ಕೊಡ್ತೀವಲ್ಲ, ಹಾಗೇ ಅನ್ಕೊಳ್ಳಿ. ಬೇಡ ಅನ್ಸಿದ್ರೆ ಕೊಡ್ಬೇಡಿ, ಆದ್ರೆ ಟೇಬಲ್ ಮುಂದೆ ನಿಂತು ಈ ವಾದ ಮಾತ್ರ ಮಾಡ್ಬೇಡಿ.

ಹಂತ 1: ಯಾವ ಕಾನ್ ಅಂತ ಮೊದಲು ನಿರ್ಧಾರ ಮಾಡಿ

ಎಲ್ಲರಿಗೂ ಗೊತ್ತಿರೋದು ಸ್ಯಾನ್ ಡಿಯಾಗೋ ಕಾಮಿಕ್-ಕಾನ್, 1970ರಿಂದ ನಡೀತಿದೆ, ಜುಲೈನಲ್ಲಿ. ಒಂದು ಲಕ್ಷಕ್ಕಿಂತ ಜಾಸ್ತಿ ಜನ, ಸಿನಿಮಾ ಟ್ರೇಲರು, ಹಾಲಿವುಡ್ ನಟರು. ಜೀವನದಲ್ಲಿ ಒಂದ್ಸಲ ನೋಡ್ಬೇಕು ಸರಿ, ಆದ್ರೆ ಆರ್ಟಿಸ್ಟ್ ಜೊತೆ ನಾಲ್ಕು ಮಾತಾಡಿ ಸೈನ್ ಹಾಕಿಸ್ಕೊಳ್ಳೋದೇ ನಿಮ್ಮ ಉದ್ದೇಶ ಆಗಿದ್ರೆ ಅದು ಸರಿಯಾದ ಜಾಗ ಅಲ್ಲ ಅಂತ ನನ್ನ ಅಭಿಪ್ರಾಯ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರೋರಿಗೆ ಅಕ್ಟೋಬರ್‌ನಲ್ಲಿ ಜಾವಿಟ್ಸ್ ಸೆಂಟರ್‌ನಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಇದೆ, 2006ರಲ್ಲಿ ಶುರುವಾಗಿದ್ದು, ಆರ್ಟಿಸ್ಟ್‌ಗಳ ಸಾಲು ದೊಡ್ಡದು. ಪೆನ್ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡೇ ಹೋಗ್ಬಹುದು, ಕಾರ್ ಮಾತ್ರ ತಗೊಂಡೋಗ್ಬೇಡಿ.

ಬರೀ ಕಾಮಿಕ್ಸ್ ಬೇಕು ಅನ್ನೋರಿಗೆ ನಾನು ಹೇಳೋದು ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ ನಡೆಯೋ ಹೀರೋಸ್‌ಕಾನ್. 1982ರಲ್ಲಿ ಒಂದು ಕಾಮಿಕ್ಸ್ ಅಂಗಡಿಯೋರು ಶುರು ಮಾಡಿದ್ದು, ಸಿನಿಮಾ ಗದ್ದಲ ಕಮ್ಮಿ, ಬರೆಯೋರು ಚಿತ್ರ ಬಿಡಿಸೋರೇ ಅಲ್ಲಿ ದೊಡ್ಡೋರು. ಬಾಲ್ಟಿಮೋರ್ ಕಾಮಿಕ್-ಕಾನ್ ಕೂಡ ಅದೇ ಜಾತಿದು. ಸಿಯಾಟಲ್ ಕಡೆ ಇರೋರಿಗೆ ಎಮರಾಲ್ಡ್ ಸಿಟಿ ಕಾಮಿಕ್ ಕಾನ್ ಇದೆ.

ಬೆಂಗಳೂರು ಕಾಮಿಕ್ ಕಾನ್ 2012ರಲ್ಲಿ ಶುರುವಾಯ್ತು, ಈಚಿನ ವರ್ಷಗಳಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಓ ಪ್ರದರ್ಶನ ಕೇಂದ್ರದಲ್ಲಿ ನಡೀತಾ ಇದೆ. ನೇರಳೆ ಮಾರ್ಗದ ಮೆಟ್ರೋದಲ್ಲೇ ಹೋಗಿ, ಆ ರೋಡಲ್ಲಿ ವೀಕೆಂಡ್ ಕ್ಯಾಬ್ ಅಂದ್ರೆ ಅರ್ಧ ದಿನ ಅಲ್ಲೇ ಕಳೀತು. ಇಲ್ಲಿ ನಮ್ಮ ಆರ್ಟಿಸ್ಟ್‌ಗಳು ಸಾಮಾನ್ಯವಾಗಿ ಸೈನ್‌ಗೆ ಅಂತ ಬೇರೆ ದುಡ್ಡು ಕೇಳಲ್ಲ, ಅವರ ಪುಸ್ತಕನೋ ಪ್ರಿಂಟೋ ತಗೊಂಡ್ರೆ ಖುಷಿಯಿಂದ ಹಾಕ್ಕೊಡ್ತಾರೆ, ಸುಮಾರು ಜನ ಚಿಕ್ಕದೊಂದು ಗೊಂಬೆನೂ ಬಿಡಿಸಿ ಕೊಡ್ತಾರೆ. ಅಂದಹಾಗೆ ಭಾರತದ ಮೊದಲ ಕಾಮಿಕ್ ಕಾನ್ 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಾದಾಗ ಜೀವಮಾನ ಸಾಧನೆ ಪ್ರಶಸ್ತಿ ತಗೊಂಡಿದ್ದು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಅಮರ ಚಿತ್ರ ಕಥೆ ಖ್ಯಾತಿಯೋರು. ಅದಾಗಿ ಕೆಲವೇ ದಿನಕ್ಕೆ ಅವರು ತೀರ್ಕೊಂಡ್ರು.

ಹಂತ 2: ಟಿಕೆಟ್

ಅಮೆರಿಕದಲ್ಲಿ ಇದನ್ನ ಬ್ಯಾಡ್ಜ್ ಅಂತಾರೆ, ಕತ್ತಿಗೆ ಹಾಕ್ಕೊಳ್ಳೋ ಕಾರ್ಡು. ಸ್ಯಾನ್ ಡಿಯಾಗೋಗೆ ಬಾಗಿಲಲ್ಲಿ ಟಿಕೆಟ್ ಸಿಗತ್ತೆ ಅಂದ್ಕೊಂಡು ಹೋಗ್ಬಿಟ್ಟೀರ! ಮೊದಲೇ ಮೆಂಬರ್ ಐಡಿ ಮಾಡ್ಕೊಂಡಿರ್ಬೇಕು, ಮಾರಾಟದ ದಿನ ಆನ್‌ಲೈನ್ ವೇಟಿಂಗ್ ರೂಮಲ್ಲಿ ಕೂರ್ಬೇಕು, ಅಲ್ಲಿಂದ ಲಾಟರಿ ಥರ ಎತ್ತಿ ಒಳಗೆ ಬಿಡ್ತಾರೆ, ಮೊದಲು ಬಂದೋರು ಕೊನೆಗೆ ಬಂದೋರು ಅಂತೇನಿಲ್ಲ. ಚಿಕ್ಕ ಕಾನ್‌ಗಳಿಗೆ ಈ ತಲೆನೋವಿಲ್ಲ. ಯಾರೋ ಎಕ್ಸ್‌ಟ್ರಾ ಬ್ಯಾಡ್ಜ್ ಇದೆ ಕೊಡ್ತೀನಿ ಅಂದ್ರೆ ತಗೋಬೇಡಿ, ಸ್ಯಾನ್ ಡಿಯಾಗೋ ಥರದ ಕಾನ್‌ನಲ್ಲಿ ಬ್ಯಾಡ್ಜ್ ಹೆಸರಿಗೆ ಕಟ್ಟಿರತ್ತೆ, ದುಡ್ಡೂ ಹೋಗತ್ತೆ ಮಾನನೂ ಹೋಗತ್ತೆ.

ಹಂತ 3: ಯಾರು ಎಲ್ಲಿ ಕೂತಿರ್ತಾರೆ ಅಂತ ಹೋಮ್‌ವರ್ಕ್

ಕಾನ್ ಒಳಗೆ ಸೈನ್ ಸಿಗೋದು ಮೂರು ಜಾಗದಲ್ಲಿ, ಈ ಮೂರನ್ನ ಕಲಸುಮೇಲೋಗರ ಮಾಡ್ಕೊಂಡೇ ಎಷ್ಟೋ ಜನ ಮೋಸ ಹೋದ್ವಿ ಅಂತ ಅಳೋದು.

ಒಂದು, ಆರ್ಟಿಸ್ಟ್ ಆಲಿ. ಸಾಲಾಗಿ ಟೇಬಲ್, ಪ್ರತಿ ಟೇಬಲ್‌ಗೂ ನಂಬರ್, ಆರ್ಟಿಸ್ಟ್ ತಾನೇ ಕೂತಿರ್ತಾರೆ, ರೇಟು ಅವರದೇ. ಎರಡು, ಪ್ರಕಾಶಕರ ಬೂತು. ಇಲ್ಲಿ ಆರ್ಟಿಸ್ಟ್ ಒಂದು ಗಂಟೆಗೆ ಅಂತ ಬಂದು ಕೂರ್ತಾರೆ, ಬಹುತೇಕ ಬಿಟ್ಟಿ, ಆದ್ರೆ ಟೋಕನ್ ಬೇಕಾಗತ್ತೆ, ಕೆಲವು ಸಲ ಅವರ ಹೊಸ ಪುಸ್ತಕ ತಗೊಳ್ಳೋದು ಕಡ್ಡಾಯ. ಸ್ಯಾನ್ ಡಿಯಾಗೋದಲ್ಲಿ ಸೇಲ್ಸ್ ಪೆವಿಲಿಯನ್ ಅಂತ ಮೇಲ್ಗಡೆ ಬೇರೆ ಆಟೋಗ್ರಾಫ್ ಜಾಗನೇ ಇದೆ. ಮೂರು, ನಟನಟಿಯರ ಸೆಲೆಬ್ರಿಟಿ ಏರಿಯಾ. ಅಲ್ಲಿ ಸೈನ್ ಬೇರೆ, ಫೋಟೋ ಬೇರೆ, ಎರಡಕ್ಕೂ ಬೇರೆ ಬೇರೆ ಟಿಕೆಟ್, ತಿರುಪತಿಲಿ ವಿಶೇಷ ದರ್ಶನದ ಟಿಕೆಟ್ ಥರ ಮೊದಲೇ ಟೈಮ್ ಬುಕ್ ಮಾಡ್ಬೇಕು, ಹತ್ತು ಸೆಕೆಂಡ್ ನಿಲ್ಲಿಸಿ ಮುಂದೆ ತಳ್ತಾರೆ. ನಾನು ಬರೀತಿರೋದು ಮೊದಲನೆಯದರ ಬಗ್ಗೆ.

ಕಾನ್‌ಗೆ ಒಂದು ವಾರ ಮುಂಚೆ ನಿಮ್ಮ ಆರ್ಟಿಸ್ಟ್‌ಗಳ ಇನ್‌ಸ್ಟಾಗ್ರಾಂ ನೋಡಿ. ಟೇಬಲ್ ನಂಬರ್, ಒಬ್ಬರಿಗೆ ಎಷ್ಟು ಪುಸ್ತಕ, ರೇಟು, ಯಾವ ದಿನ ಇರಲ್ಲ, ಎಲ್ಲಾ ಅಲ್ಲೇ ಹಾಕಿರ್ತಾರೆ. ಕೊನೇ ಗಳಿಗೆಲಿ ಬರೋಕಾಗಲ್ಲ ಅಂತ ಕ್ಯಾನ್ಸಲ್ ಆಗೋದು ಮಾಮೂಲು, ಒಬ್ಬರಿಗೋಸ್ಕರನೇ ಫ್ಲೈಟ್ ಬುಕ್ ಮಾಡ್ಬೇಡಿ.

ಹಂತ 4: ಪುಸ್ತಕ ತಯಾರಿ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಹಾಳಾಗೋದೆಲ್ಲಾ ಇಲ್ಲೇ.

ಎಷ್ಟು ಪುಸ್ತಕ: ಒಬ್ಬ ಆರ್ಟಿಸ್ಟ್‌ಗೆ ಎರಡು ಅಥವಾ ಮೂರು, ಸಾಕು. ಮುಖಪುಟ ಅವರೇ ಬಿಡಿಸಿದ್ದಾ ಅಂತ ಒಳಪುಟದ ಕ್ರೆಡಿಟ್ ನೋಡಿ ಖಾತ್ರಿ ಮಾಡ್ಕೊಳ್ಳಿ. ಒಳಗೆ ಚಿತ್ರ ಬಿಡಿಸಿದೋರು ಒಬ್ಬರು, ಮುಖಪುಟ ಇನ್ನೊಬ್ಬರು ಅನ್ನೋದು ತುಂಬಾ ಸಾಮಾನ್ಯ. ಪೆನ್ಸಿಲರ್ ಅಂದ್ರೆ ಮೊದಲು ಪೆನ್ಸಿಲ್‌ನಲ್ಲಿ ಬಿಡಿಸೋರು, ಇಂಕರ್ ಅಂದ್ರೆ ಅದರ ಮೇಲೆ ಮಸಿ ಎಳೆಯೋರು, ಬಣ್ಣ ಹಾಕೋರು ಬೇರೆ, ಅಕ್ಷರ ಬರೆಯೋರು ಬೇರೆ. ಬೇರೆಯೋರ ಚಿತ್ರ ಮುಂದಿಟ್ಟು ನಿಮ್ಮ ಕೆಲಸ ತುಂಬಾ ಇಷ್ಟ ಸಾರ್ ಅಂದ್ರೆ ಅವರು ನಕ್ಕು ಸೈನ್ ಹಾಕ್ತಾರೆ, ನಿಮಗೆ ಆಮೇಲೆ ಗೊತ್ತಾಗಿ ಭೂಮಿ ಬಾಯಿಬಿಡ್ಬಾರ್ದಾ ಅನ್ಸತ್ತೆ. ಇಂಕರ್‌ಗಳ ಟೇಬಲ್ ಮುಂದೆ ಜನನೇ ಇರಲ್ಲ, ಅಲ್ಲಿಗೂ ಹೋಗಿ, ಮನಸ್ಸು ಬಿಚ್ಚಿ ಮಾತಾಡ್ತಾರೆ.

ಬ್ಯಾಗ್ ಮತ್ತೆ ಬೋರ್ಡ್: ಕಾಮಿಕ್ಸ್ ಅಳತೆಗೇ ಅಂತ ಬರೋ ಪ್ಲಾಸ್ಟಿಕ್ ಕವರ್, ಅದರೊಳಗೆ ಪುಸ್ತಕದ ಬೆನ್ನಿಗೆ ಬಿಳಿ ರಟ್ಟು. ರಟ್ಟು ಆಮ್ಲ ಇಲ್ಲದ್ದು ಅಂತ ಬರೆದಿರ್ಬೇಕು, ಸ್ಟೇಷನರಿ ಅಂಗಡಿಯ ಕಂದು ರಟ್ಟು ಹಾಕಿದ್ರೆ ಕೆಲವು ವರ್ಷಕ್ಕೆ ಕಾಗದ ಹಳದಿ ಆಗತ್ತೆ. ಹಳೇ ಪುಸ್ತಕಗಳು ಈಗಿನದಕ್ಕಿಂತ ಸ್ವಲ್ಪ ಅಗಲ, ಕವರ್ ಬೇರೆ ಸೈಜ್ ಬೇಕು, ತುರುಕಬೇಡಿ.

ಕಿಟಕಿ ಉಪಾಯ: ಒಂದು ಹಳೇ ಪ್ಲಾಸ್ಟಿಕ್ ಕವರ್ ತಗೊಂಡು, ಸೈನ್ ಎಲ್ಲಿ ಬೇಕೋ ಆ ಜಾಗದಲ್ಲಿ ಮಾತ್ರ ಬ್ಲೇಡಿಂದ ಚೌಕ ಕತ್ತರಿಸಿ, ಆಮೇಲೆ ಪುಸ್ತಕ ಒಳಗಿಡಿ. ಮೊದಲು ಪುಸ್ತಕ ಇಟ್ಟು ಆಮೇಲೆ ಕತ್ತರಿಸೋ ಬುದ್ಧಿವಂತರೂ ಇದಾರೆ. ಇದರಿಂದ ಮುಖಪುಟಕ್ಕೆ ಕೈಬೆವರು ತಾಗಲ್ಲ, ಸೈನೂ ಮುಖದ ಮೇಲೆ ಬರದೆ ಖಾಲಿ ಜಾಗದಲ್ಲಿ ಬರತ್ತೆ. ಅಷ್ಟು ಬೇಡ ಅಂದ್ರೆ ಒಂದು ಹಳದಿ ಸ್ಟಿಕಿ ನೋಟ್ ಕವರ್ ಮೇಲೆ ಅಂಟಿಸಿ ಬಾಣದ ಗುರುತು ಹಾಕಿ. ಪುಸ್ತಕದ ಮೇಲೆ ಅಂಟಿಸ್ಬೇಡಿ.

ಮಾರ್ಕರ್: ತಿಳಿ ಬಣ್ಣದ ಮುಖಪುಟಕ್ಕೆ ಕಪ್ಪು ಶಾರ್ಪಿ ನಡೆಯತ್ತೆ. ಕಡು ಬಣ್ಣಕ್ಕೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಪೆನ್ನು, ಅದನ್ನ ಮೊದಲು ರದ್ದಿ ಕಾಗದದ ಮೇಲೆ ಒತ್ತಿ ಒತ್ತಿ ಬಣ್ಣ ಇಳಿಸಿ ಇಟ್ಕೊಳ್ಳಿ, ಇಲ್ಲಾಂದ್ರೆ ಟೇಬಲ್ ಮೇಲೆನೇ ತೊಟಕ್ ಅಂತ ಒಂದು ಹನಿ ಬೀಳತ್ತೆ. ಒರಟು ಕಾಗದದ ಹಳೇ ಪುಸ್ತಕಕ್ಕೆ ಶಾರ್ಪಿ ಹಿಂದಿನ ಪುಟಕ್ಕೂ ಇಳಿಯತ್ತೆ, ಅದಕ್ಕೆ ತೆಳು ಮೊನೆಯ ಪಿಗ್ಮೆಂಟ್ ಪೆನ್ನು ಒಳ್ಳೇದು. ಬಾಲ್‌ಪೆನ್ನು ಬೇಡ, ಗೀರು ಬೀಳತ್ತೆ. ಆರ್ಟಿಸ್ಟ್ ಹತ್ರ ಪೆನ್ನು ಇದ್ದೇ ಇರತ್ತೆ, ಆದ್ರೂ ನಿಮ್ಮದಿರಲಿ.

ಹಂತ 5: ದುಡ್ಡು ಎಷ್ಟು, ಯಾವ ರೂಪದಲ್ಲಿ

ಪಕ್ಕಾ ಲೆಕ್ಕ ಯಾರೂ ಕೊಡೋಕಾಗಲ್ಲ, ಅಂದಾಜು ಹೇಳ್ತೀನಿ. ತುಂಬಾ ಜನ ಈಗಲೂ ಒಂದೆರಡು ಪುಸ್ತಕಕ್ಕೆ ಬಿಟ್ಟಿ ಹಾಕ್ತಾರೆ. ರೇಟು ಇಡೋರಲ್ಲಿ ಒಂದಕ್ಕೆ 5ರಿಂದ 20 ಡಾಲರ್ ಸಾಮಾನ್ಯ, ಹೆಸರುವಾಸಿಗಳು 30, 40, ಅದಕ್ಕೂ ಮೇಲೆ. ಮಾರ್ವೆಲ್ ಕಾಮಿಕ್ಸ್‌ನ ಸ್ಟಾನ್ ಲೀ ಸೈನಿನ ರೇಟು ಅವರ ಕೊನೇ ವರ್ಷಗಳಲ್ಲಿ 100 ಡಾಲರ್ ದಾಟಿತ್ತು. ಇನ್ನು ಕೆಲವರ ಟೇಬಲ್ ಮೇಲೆ ಒಂದು ಡಬ್ಬ ಇರತ್ತೆ, ಹೀರೋ ಇನಿಷಿಯೇಟಿವ್ ಅಂತ. ಕಷ್ಟದಲ್ಲಿರೋ, ವಯಸ್ಸಾದ ಕಾಮಿಕ್ಸ್ ಕಲಾವಿದರ ಆಸ್ಪತ್ರೆ ಖರ್ಚು ಬಾಡಿಗೆ ಇಂಥದ್ದಕ್ಕೆ ಸಹಾಯ ಮಾಡೋ ಸಂಸ್ಥೆ ಅದು, 2000ದಿಂದ ಇದೆ. ಸೈನ್ ಫ್ರೀ, ಡಬ್ಬಕ್ಕೆ ಏನಾದ್ರೂ ಹಾಕಿ ಅಂತ ಬರೆದಿದ್ರೆ ದಯವಿಟ್ಟು ಮುಖ ಆ ಕಡೆ ತಿರುಗಿಸ್ಕೊಂಡು ಬರ್ಬೇಡಿ.

ರೇಟಿನ ಬೋರ್ಡಲ್ಲಿ ಗಮನಿಸ್ಬೇಕಾದ್ದು ಒಂದಿದೆ. 'ಪರ್ಸನಲೈಸ್ಡ್' ಅಂದ್ರೆ ನಿಮ್ಮ ಹೆಸರು ಬರೆದು ಹಾಕೋ ಸೈನ್, ಅದು ಎಷ್ಟೋ ಕಡೆ ಕಮ್ಮಿ ರೇಟು ಅಥವಾ ಬಿಟ್ಟಿ, ಯಾಕಂದ್ರೆ 'ಮಂಜುಗೆ ಪ್ರೀತಿಯಿಂದ' ಅಂತ ಬರೆದಿದ್ದನ್ನ ಯಾರೂ ಇಬೇನಲ್ಲಿ ಮಾರಲ್ಲ. ಬರೀ ಸೈನ್ ಬೇಕಂದ್ರೆ ಜಾಸ್ತಿ. ಗ್ರೇಡಿಂಗ್‌ಗೆ (ಪುಸ್ತಕದ ಸ್ಥಿತಿಗೆ ಅಂಕ ಕೊಡಿಸೋದು, ಹಂತ 8ರಲ್ಲಿ ಹೇಳ್ತೀನಿ) ಕಳಿಸ್ತೀನಿ ಅಂದ್ರೆ ಇನ್ನೂ ಜಾಸ್ತಿ. ಮಾರೋ ಯೋಚ್ನೆ ಇಲ್ಲದಿದ್ರೆ ಹೆಸರು ಹಾಕಿಸ್ಕೊಳ್ಳಿ, ದುಡ್ಡೂ ಉಳಿಯತ್ತೆ, ಆರ್ಟಿಸ್ಟ್ ಮುಖನೂ ಅರಳತ್ತೆ.

ಕ್ಯಾಶ್ ತಗೊಂಡೋಗಿ, ಅದೂ ಚಿಲ್ಲರೆ ನೋಟು, 5, 10, 20ರದ್ದು. ಹಾಲ್ ಒಳಗೆ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಸತ್ತೋಗತ್ತೆ, ಕಾರ್ಡ್ ಮೆಷಿನ್ ಸುತ್ತುತ್ತಾನೇ ಇರತ್ತೆ. ವೆನ್ಮೋ ಅಂತ ಎಲ್ಲರೂ ಬೋರ್ಡ್ ಹಾಕಿರ್ತಾರೆ, ಅದು ನಮ್ಮ ಫೋನ್‌ಪೇ ಥರದ್ದೇ, ಆದ್ರೆ ಅಮೆರಿಕದ ಫೋನ್ ನಂಬರ್, ಬ್ಯಾಂಕ್ ಅಕೌಂಟ್ ಬೇಕು, ಇಲ್ಲಿಂದ ಸುತ್ತಾಡೋಕೆ ಹೋದೋರಿಗೆ ಉಪಯೋಗಕ್ಕೆ ಬರಲ್ಲ. ಇಲ್ಲಿನ ಕಾರ್ಡ್ ಉಜ್ಜಿದ್ರೆ ಡಾಲರ್ ಪರಿವರ್ತನೆಗೆ ಬ್ಯಾಂಕು ತನ್ನ ಪಾಲು ಕತ್ತರಿಸ್ಕೊಳ್ಳತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಬೆಂಗಳೂರಲ್ಲಿ ಯುಪಿಐ ಎಲ್ಲಾ ಕಡೆ ಇದೆ, ಆದ್ರೂ ಜೇಬಲ್ಲಿ ನಾಲ್ಕು ನೋಟಿರಲಿ.

ಚೌಕಾಸಿ ಬೇಡ! ಹಳೇ ಪುಸ್ತಕ ಮಾರೋ ವ್ಯಾಪಾರಿಗಳ ಹತ್ರ ಧಾರಾಳವಾಗಿ ಮಾಡಿ, ಅದರಲ್ಲೂ ಕೊನೇ ದಿನ ಮಧ್ಯಾಹ್ನದ ಮೇಲೆ. ಆರ್ಟಿಸ್ಟ್ ಟೇಬಲ್‌ನಲ್ಲಿ ಮಾಡಿದ್ರೆ ಅವಮಾನ ಮಾಡಿದ ಹಾಗೆ.

ಹಂತ 6: ಆ ದಿನ ಬೆಳಿಗ್ಗೆ

ಬಾಗಿಲು ತೆಗೆದ ತಕ್ಷಣ ಎಲ್ಲರೂ ಆಟಿಕೆ, ಟೀಶರ್ಟ್ ಅಂತ ದೊಡ್ಡ ಬೂತುಗಳ ಕಡೆ ಓಡ್ತಾರೆ, ನೀವು ಸೀದಾ ಆರ್ಟಿಸ್ಟ್ ಆಲಿಗೆ ಹೋಗಿ. ಮೊದಲ ಒಂದು ಗಂಟೆ ಬಂಗಾರ. ಅತೀ ಬೇಡಿಕೆ ಇರೋ ಒಬ್ಬರನ್ನ ಮೊದಲು ಮುಗಿಸಿ. ಕ್ಯೂ ಕೊನೆಯಲ್ಲಿ ಯಾರಾದ್ರೂ 'ಲೈನ್ ಕ್ಯಾಪ್ಡ್' ಅಂತ ಬೋರ್ಡ್ ಹಿಡ್ಕೊಂಡು ನಿಂತಿದ್ರೆ ಕ್ಯೂ ಮುಗೀತು ಅಂತ ಅರ್ಥ, ಅವರ ಹಿಂದೆ ನಿಂತು ಕಾಯ್ತಾ ಕೂರ್ಬೇಡಿ, ಯಾವಾಗ ಮತ್ತೆ ತೆಗೀತಾರೆ ಅಂತ ಕೇಳಿ ಮುಂದೆ ನಡೀರಿ. ಶುಕ್ರವಾರ ಹೋಗೋಕಾದ್ರೆ ಶುಕ್ರವಾರನೇ ಹೋಗಿ, ಶನಿವಾರ ಜಾತ್ರೆ.

ನೀರಿನ ಬಾಟಲಿ, ಬುತ್ತಿ ಒಂದು ಚೀಲದಲ್ಲಿ, ಪುಸ್ತಕ ಬೇರೆ ಚೀಲದಲ್ಲಿ. ಯಾಕೆ ಅಂತ ಹೇಳೋದೇ ಬೇಡ ಅನ್ಕೋತೀನಿ. ಒಳಗೆ ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಲೂ ಚಿಪ್ಸೇ ಗತಿ.

ಹಂತ 7: ಟೇಬಲ್ ಮುಂದೆ

ನಮ್ಮ ಜನ ಇಲ್ಲಿ ಸಂಕೋಚಪಟ್ಕೊಂಡು ಏನೂ ಕೇಳದೆ ಪುಸ್ತಕ ಚಾಚಿ ನಿಂತ್ಬಿಡ್ತಾರೆ. ಹಾಗೆ ಮಾಡ್ಬೇಡಿ, ನಮಸ್ಕಾರ ಹೇಳಿ, ಮೊದಲು ರೇಟು ಕೇಳಿ, ಆಮೇಲೆ ಪುಸ್ತಕ ಕೊಡಿ. ಸೈನ್ ಹಾಕಿದ್ಮೇಲೆ ಎಷ್ಟು ಅಂತ ಕೇಳಿದ್ರೆ ಇಬ್ಬರಿಗೂ ಮುಜುಗರ. ಪುಸ್ತಕ ಕವರಿಂದ ಮೊದಲೇ ಹೊರಗೆ ತೆಗೆದಿಟ್ಕೊಂಡಿರಿ. ಕಿಟಕಿ ಕವರ್ ಆದ್ರೆ ಹಾಗೇ ಕೊಡಿ.

ಹೆಸರು ಹಾಕಿಸೋದಾದ್ರೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಚೀಟಿ ಬರೆದು ಕೊಡಿ. ಬಾಯಲ್ಲಿ 'ಜ್ಞಾನೇಶ್' ಅಂತ ಹೇಳಿ ಅವರು ಅದನ್ನ ಸರಿಯಾಗಿ ಬರೀತಾರೆ ಅಂತ ಕಾಯ್ಬೇಡಿ. ಮೊದಲು ಹೇಳಿದ್ನಲ್ಲ ಸೂಪರ್‌ಮ್ಯಾನ್ ಚೆಕ್ಕು, ಅದರಲ್ಲಿ ಕಂಪನಿಯೋರು ಆ ಇಬ್ಬರ ಹೆಸರೂ ತಪ್ಪಾಗಿ ಬರೆದಿದ್ರು.

ಅವರ ಯಾವ ಕೆಲಸ ಯಾಕೆ ಇಷ್ಟ ಆಯ್ತು ಅಂತ ಒಂದು ವಾಕ್ಯ ರೆಡಿ ಇಟ್ಕೊಳ್ಳಿ, ಅದು ಸಾಕು. ಫೋಟೋ ಬೇಕಿದ್ರೆ ಕೇಳಿ ತೆಗೀರಿ. ಬಿಟ್ಟಿ ಗೊಂಬೆ ಬಿಡಿಸಿಕೊಡಿ ಅಂತ ಕೇಳ್ಬೇಡಿ. ಹಿಂದೆ ಜನ ಇದ್ರೆ ಪಕ್ಕಕ್ಕೆ ಸರೀರಿ, ಟೇಬಲ್ ಮೇಲೆ ನಿಮ್ಮ ಚೀಲ ಇಡ್ಬೇಡಿ, ಅದು ಅವರ ಅಂಗಡಿ.

ಸೈನ್ ಆದ ತಕ್ಷಣ ಕವರಿಗೆ ತುರುಕ್ಬೇಡಿ! ಹೊಳಪಿನ ಕಾಗದದ ಮೇಲೆ ಮಸಿ ಒಣಗೋಕೆ ಎರಡು ಮೂರು ನಿಮಿಷ ಬೇಕು, ಪೇಂಟ್ ಪೆನ್ನಾದ್ರೆ ಇನ್ನೂ ಜಾಸ್ತಿ. ನನ್ನ ಮೊದಲ ಸೈನ್ ಅರ್ಧ ಪುಸ್ತಕದ ಮೇಲಿದೆ ಅರ್ಧ ಪ್ಲಾಸ್ಟಿಕ್ ಮೇಲಿದೆ, ಎರಡನ್ನೂ ಇಟ್ಕೊಂಡಿದೀನಿ.

ಹಂತ 8: ಗ್ರೇಡಿಂಗ್ ಬೇಕಾ?

ಗ್ರೇಡಿಂಗ್ ಅಂದ್ರೆ ಪುಸ್ತಕದ ಸ್ಥಿತಿ ನೋಡಿ 0.5ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡೋದು, ಆ ಡಬ್ಬಿಗೆ ಸ್ಲ್ಯಾಬ್ ಅಂತಾರೆ. ಇದರಲ್ಲಿ ದೊಡ್ಡ ಹೆಸರು ಫ್ಲೋರಿಡಾದ ಸಿಜಿಸಿ. ಸೈನ್ ಇರೋ ಪುಸ್ತಕಕ್ಕೆ ಅವರ ಹಳದಿ ಲೇಬಲ್ ಬೇಕಂದ್ರೆ, ಸೈನ್ ಹಾಕುವಾಗ ಅವರ ಕಡೆಯ ಸಾಕ್ಷಿ ಒಬ್ಬರು ಪಕ್ಕದಲ್ಲೇ ನಿಂತು ನೋಡಿರ್ಬೇಕು. ಹೊಸಬರು ಎಡವೋದು ಇಲ್ಲೇ: ಸೈನ್ ಹಾಕಿಸ್ಕೊಂಡು ಆಮೇಲೆ ಅವರ ಬೂತಿಗೆ ಹೋದ್ರೆ ಆ ಹಳದಿ ಲೇಬಲ್ ಸಿಗಲ್ಲ. ಮೊದಲು ಬೂತು, ಸಾಕ್ಷಿನ ಕರ್ಕೊಂಡು ಆಮೇಲೆ ಟೇಬಲ್.

ಖರ್ಚು ಕೂಡಿಸಿ ನೋಡಿ: ಆರ್ಟಿಸ್ಟ್‌ನ ಜಾಸ್ತಿ ರೇಟು, ಗ್ರೇಡಿಂಗ್ ಫೀಸು, ಸಾಕ್ಷಿದು, ಆಮೇಲೆ ಪಾರ್ಸಲ್ಲು ಇನ್ಶೂರೆನ್ಸು. ಭಾರತಕ್ಕೆ ತರಿಸೋದಾದ್ರೆ ಕಸ್ಟಮ್ಸ್ ಬೇರೆ. ನಾಲ್ಕು ಡಾಲರ್ ಪುಸ್ತಕಕ್ಕೆ ಇಷ್ಟೆಲ್ಲಾ ಮಾಡೋದು ಅಡಿಕೆಗೆ ಅಂಬಾರಿ ಕಟ್ಟಿದ ಹಾಗೆ. ನಿಜವಾಗ್ಲೂ ಅಪರೂಪದ ಹಳೇ ಸಂಚಿಕೆ ಇದ್ರೆ ಮಾಡ್ಸಿ, ಇಲ್ಲಾಂದ್ರೆ ಬೇಡ. ಸ್ಲ್ಯಾಬ್ ಆದ್ಮೇಲೆ ಪುಸ್ತಕ ಓದೋಕೂ ಆಗಲ್ಲ ಅನ್ನೋದನ್ನೂ ಮರೀಬೇಡಿ.

ಹಾಗೇ, ವ್ಯಾಪಾರಿಗಳ ಹತ್ರ ಮೊದಲೇ ಸೈನ್ ಆಗಿರೋ ಪುಸ್ತಕ ಸಿಗತ್ತೆ, ಜೊತೆಗೆ 'ಸಿಓಎ' ಅಂತ ಒಂದು ಕಾಗದ ಕೊಡ್ತಾರೆ, ಅಸಲಿ ಅನ್ನೋದಕ್ಕೆ ಪ್ರಮಾಣಪತ್ರ. ಅದನ್ನ ಯಾರು ಕೊಟ್ಟಿದಾರೆ ಅನ್ನೋದರ ಮೇಲೆ ಅದರ ಬೆಲೆ. ಪ್ರಿಂಟರ್ ಇರೋ ಯಾರು ಬೇಕಾದ್ರೂ ಆ ಕಾಗದ ಮಾಡ್ಬಹುದು.

ಹಂತ 9: ನನ್ನ ಮಾತು ಕೇಳಿದ್ರೆ, ಕಮಿಷನ್ ಮಾಡ್ಸಿ

ಐದು ಸೈನ್‌ಗೆ 100 ಡಾಲರ್ ಕೊಡೋ ಬದಲು ಒಂದು ಕಮಿಷನ್, ಅಂದ್ರೆ ನಿಮಗೋಸ್ಕರನೇ ಬಿಡಿಸೋ ಚಿತ್ರ, ಮಾಡ್ಸಿ. ಹೊಸ ಆರ್ಟಿಸ್ಟ್‌ಗಳು ಬರೀ ಮುಖದ ಸ್ಕೆಚ್ಚಿಗೆ 50 ಡಾಲರ್ ಆಸುಪಾಸು ತಗೋತಾರೆ, ಪೂರ್ತಿ ಆಕೃತಿ ಅಂದ್ರೆ ನೂರಾರು ಡಾಲರ್. ಮುಖಪುಟ ಖಾಲಿ ಬಿಟ್ಟು ಅಚ್ಚು ಹಾಕಿದ 'ಬ್ಲಾಂಕ್ ಕವರ್' ಸಂಚಿಕೆಗಳೂ ಸಿಗತ್ತೆ, ಅದರ ಮೇಲೇ ಬಿಡಿಸ್ಬಹುದು. ದಿನಕ್ಕೆ ಇಷ್ಟೇ ಅಂತ ಪಟ್ಟಿ ಇಟ್ಟಿರ್ತಾರೆ, ಬೆಳಿಗ್ಗೆನೇ ಹೆಸರು ಬರೆಸಿ, ಸುಮಾರು ಜನ ಇಮೇಲ್‌ನಲ್ಲೇ ಮೊದಲು ತಗೊಂಡು ಮುಗಿಸಿರ್ತಾರೆ. ಕಪ್ಪುಬಿಳುಪಾ ಬಣ್ಣನಾ, ಎಷ್ಟು ದೊಡ್ಡದು, ಯಾವತ್ತು ಕೊಡ್ತಾರೆ, ಮುಂಗಡ ಎಷ್ಟು, ಇಷ್ಟನ್ನ ಬಾಯಿಬಿಟ್ಟು ಕೇಳಿ ಫೋನಲ್ಲಿ ಬರೆದಿಟ್ಕೊಳ್ಳಿ. ಒಮ್ಮೆ ನಾನು ಭಾನುವಾರ ಐದು ಗಂಟೆಗೆ ಬರ್ತೀನಿ ಅಂದು ಹೋಗೋಷ್ಟರಲ್ಲಿ ಟೇಬಲ್ ಖಾಲಿ, ಅವರು ಫ್ಲೈಟ್ ಹಿಡಿಯೋಕೆ ಹೊರಟಾಗಿತ್ತು, ಚಿತ್ರ ಆಮೇಲೆ ಪೋಸ್ಟಲ್ಲಿ ಬಂತು, ಮಡಚಿ.

ಬೆಂಗಳೂರಲ್ಲೂ ಇದೇ ಮಾಡಿ. ಸೈನ್ ಬಿಟ್ಟಿ ಇದೆಯಲ್ಲಾ ಅಂತ ಹತ್ತು ಟೇಬಲ್ ಸುತ್ತೋ ಬದಲು ಇಷ್ಟವಾದ ಒಬ್ಬರ ಹತ್ರ ಒಂದು ಚಿತ್ರ ದುಡ್ಡು ಕೊಟ್ಟು ಬಿಡಿಸಿಕೊಳ್ಳಿ.

ಹಂತ 10: ಮನೆಗೆ ತಂದ್ಮೇಲೆ

ವಿಮಾನದಲ್ಲಾದ್ರೆ ಕೈಚೀಲದಲ್ಲೇ, ಎರಡು ಗಟ್ಟಿ ರಟ್ಟಿನ ಮಧ್ಯೆ. ಮನೇಲಿ ಬಿಸಿಲು ಬೀಳೋ ಗೋಡೆಗೆ ಫ್ರೇಮ್ ಹಾಕಿ ನೇತುಹಾಕ್ಬೇಡಿ, ಮಾರ್ಕರ್ ಮಸಿ ಬೆಳಕಿಗೆ ಮಾಸಿ ಮಾಸಿ ಕೊನೆಗೆ ಕಾಣದ ಹಾಗಾಗತ್ತೆ. ಪುಸ್ತಕ ನಿಲ್ಲಿಸಿ ಇಡಿ, ಒರಗಿಸಿದ್ರೆ ಬೆನ್ನು ಬಾಗತ್ತೆ. ಮಂಗಳೂರು, ಉಡುಪಿ, ಮಲೆನಾಡು ಕಡೆಯೋರು ಮಳೆಗಾಲ ಶುರುವಾಗೋಕೆ ಮುಂಚೆ ಡಬ್ಬದೊಳಗೆ ಸಿಲಿಕಾ ಪೊಟ್ಟಣ ಬದಲಾಯಿಸಿ, ನೆಲದ ಮೇಲಿಂದ ಎತ್ತಿ ಅಟ್ಟದ ಬದಲು ಬೀರುಲಿ ಇಡಿ, ತಿಂಗಳಿಗೊಮ್ಮೆ ತೆಗೆದು ಬೂಷ್ಟು, ಸಿಲ್ವರ್‌ಫಿಶ್ ಹುಳ ಬಂದಿದೆಯಾ ನೋಡಿ. ನುಸಿಗುಳಿಗೆ ಹಾಕ್ಬೇಡಿ, ವಾಸನೆ ಕಾಗದಕ್ಕೆ ಹಿಡಿದ್ರೆ ಹೋಗಲ್ಲ.